ಎಣ್ಣೆ ಕುಡಿದ ವಾಷರ್

ವಿಲೆ ಪಾರ್ಲೆ,
೧೮ ನವೆಂಬರ್ ೧೯೫೯

ಪ್ರೀತಿಯ ಅಪ್ಪನಿಗೆ,

ಶಿವಪುತ್ರನ ನಮಸ್ಕಾರ. ಓದಿ ಹೇಳುತ್ತಿರುವ ಚನ್ನಬಸಯ್ಯ ಮಾಸ್ತರರಿಗೂ ನಮಸ್ಕಾರ. ಮಾಸ್ತರರೇ, ಒಂದಕ್ಷರವನ್ನೂ ನುಂಗದೆ ಕೊನೆಯ ಸಾಲಿನವರೆಗೆ ಓದಿ. ರಾಚವ್ವ ಅಕ್ಕನೂ ಕೇಳಲಿ. ವಿಲೆ ಪಾರ್ಲೆಯಿಂದ ಧಾರಾವಿಗೆ ಬರಲು ಎಷ್ಟು ಹೊತ್ತು? ಆದರೆ ಮುಖ ಕೊಟ್ಟು ಹೇಳುವ ಧೈರ್ಯವಿಲ್ಲ, ಅದಕ್ಕೇ ಪತ್ರ.

ಅಪ್ಪಾ, ನೀನು ಕತ್ತರಿಸಿಕೊಟ್ಟ ತೊಗಲಿನ ವಾಷರುಗಳ ವಿಷಯ. ನಮ್ಮ ಪ್ರಯೋಗಶಾಲೆಯ ಯಂತ್ರ ಹೀಲಿಯಂ ಎಂಬ ಅನಿಲವನ್ನು ತಣಿಸಿ ತಣಿಸಿ ನೀರಿನಂತೆ ಮಾಡುತ್ತದೆ ಎಂದಾಗ ನೀನು ನಕ್ಕಿದ್ದೆ. ಆ ಥಂಡಿಯಲ್ಲಿ ನಾವು ಉಸಿರಾಡುವ ಗಾಳಿಯೂ ಕಲ್ಲಾಗುತ್ತದೆ. ಹಾಗಾಗಿ ಯಂತ್ರದೊಳಗೆ ಹೀಲಿಯಂ ಬಿಟ್ಟು ಬೇರೇನೂ ಹೋಗಕೂಡದು. ಅನಿಲ ಬರುವುದು ಅಮೆರಿಕದಿಂದ, ಸೋರಿದರೆ ಹೋದಂತೆಯೇ. ಪೈಪಿನ ಪ್ರತಿ ಜೋಡಣೆಗೂ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತ ಕೂರುವುದೇ ನನ್ನ ಅರ್ಧ ನೌಕರಿ.

ಪಿಸ್ಟನ್ ದಂಡದ ಸುತ್ತ ಅನಿಲ ಸೋರದಂತೆ ತಡೆಯುವ ಬಳೆಯಂಥ ವಾಷರ್ ಸವೆದು ಗುಳ್ಳೆ ಏಳತೊಡಗಿತು. ಹೊಸದು ವಿದೇಶದಿಂದ ಬರಲು ಆರು ತಿಂಗಳು. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಧಾರಾವಿಯಲ್ಲಿ ಒಬ್ಬ ತೊಗಲಿನ ವ್ಯಾಪಾರಿಯ ಪರಿಚಯವಿದೆ ಎಂದೆ. ನೀನು ಹೊಟ್ಟೆಯ ತೊಗಲು ಜಗ್ಗುತ್ತದೆ ಎಂದು ಬದಿಗಿಟ್ಟು ಕೋಣದ ಬೆನ್ನಿನದನ್ನೇ ಆರಿಸಿದೆ. ಎಣ್ಣೆ ಮಾತ್ರ ಹಚ್ಚಬೇಡ ಎಂದು ನಾನು ಹೇಳಿದೆ. ಯಾಕೆಂದು ಹೇಳಲಿಲ್ಲ. ಹೇಳಿದರೂ ನಿನಗೆಲ್ಲಿ ತಿಳಿಯುತ್ತದೆ ಎಂಬ ಸೊಕ್ಕು ನನಗೆ.

ನೀನು ಹಚ್ಚಿದೆ. ಮೂರು ದಿನ ಔಡಲೆಣ್ಣೆ ಕುಡಿಸಿ ಒರೆಸಿಕೊಟ್ಟೆಯಂತೆ. ನಿನ್ನೆ ದಾದರ್ ಸ್ಟೇಷನ್ನಿನಲ್ಲಿ ಸಿಕ್ಕ ಅಕ್ಕ ಹೇಳಿದಳು. "ಒಣಾ ತೊಗಲು ನನ್ನ ಕೈಯಾಗಿಂದ ಹೊರಗ ಹೋದ್ರ ಮಂದಿ ನಗತಾರ. ಅದೂ ಮಗನ ಕೆಲಸ" ಎಂದೆಯಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಚಾಲೂ ಮಾಡಿದ ಯಂತ್ರ ಮಧ್ಯಾಹ್ನದವರೆಗೆ ಸೊಗಸಾಗಿ ತಣಿಯಿತು. ಒಂದು ಗುಳ್ಳೆಯಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ಮೂರು ಗಂಟೆಗೆ ಒತ್ತಡದ ಮುಳ್ಳು ಏರಿತು, ಪಿಸ್ಟನ್ ಬಿಗಿಯಿತು, ವಾಲ್ವ್ ಹಾರಿ ಅರ್ಧ ಅನಿಲ ಆಕಾಶದ ಪಾಲಾಯಿತು.

ಒಳಗೆ ಗಾಳಿ ಹೊಕ್ಕಿರಬೇಕು ಎಂದು ನಾನು ಅಂದುಬಿಟ್ಟೆ. ಗಾಳಿ ಸೇರದಂತೆ ಅನಿಲ ತುಂಬುವ ಕೆಲಸ ಉಡುಪಿ ಕಡೆಯ ಮೋನಪ್ಪನದು. ಅವನು "ನಾನು ಮೂರು ಸಲ ನೋಡಿದ್ದೇನೆ ಮಾರಾಯ್ರೆ" ಎಂದ, ಅಷ್ಟೇ. ಸೋಮವಾರದಿಂದ ಬರಬೇಡ ಎಂದು ಸಾಹೇಬರು ಅವನಿಗೆ ಹೇಳಿದರು.

ಶನಿವಾರ ಯಂತ್ರ ಬಿಚ್ಚಿದಾಗ ಒಳಗೋಡೆಗೆ ಬೆರಳಿಟ್ಟೆ. ಜಿಡ್ಡು. ಮೂಸಿ ನೋಡಿದೆ, ನಮ್ಮ ಮನೆಯ ವಾಸನೆ. ಎಣ್ಣೆ ಒಳಗಿಳಿದು ಥಂಡಿಗೆ ಕಲ್ಲಾಗಿತ್ತು. ಹಾಕುವ ಮುಂಚೆ ವಾಷರನ್ನು ಒಂದು ಕಾಗದದ ಮೇಲೆ ಒತ್ತಿ ನೋಡಿದ್ದರೆ ಕಲೆ ಬೀಳುತ್ತಿತ್ತು. ಆ ತಪ್ಪು ನನ್ನದು.

ತಿಳಿದೂ ಎರಡು ದಿನ ಸುಮ್ಮನಿದ್ದೆ. ಸೋಮವಾರ ಮೋನಪ್ಪ ತನ್ನ ಊಟದ ಡಬ್ಬಿ ಒಯ್ಯಲು ಬಂದ. ಅದನ್ನು ನೋಡಿ ತಡೆಯಲಾಗದೆ ಸಾಹೇಬರ ಮುಂದೆ ಹೋಗಿ ಎಲ್ಲ ಹೇಳಿದೆ. ಆ ವ್ಯಾಪಾರಿಯನ್ನು ಇನ್ನು ಕರೆಯಬೇಡಿ ಎಂದರು. ವ್ಯಾಪಾರಿಯಲ್ಲ, ನಮ್ಮಪ್ಪ ಎಂದೆ. ಬಿಚ್ಚಿಟ್ಟ ವಾಷರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ, ಒಂದು ಗುಳ್ಳೆಯನ್ನೂ ಬಿಡದ ಹಾಗೆ ಕತ್ತರಿಸಿದ ಕೈ ಅದು, ಎಣ್ಣೆಯಿಲ್ಲದೆ ಇನ್ನೆರಡು ಮಾಡಿಕೊಡಲಿ, ಯಂತ್ರವನ್ನೂ ನೋಡಿ ಹೋಗಲಿ ಎಂದರು.

ನನ್ನ ಬಡ್ತಿ ನಿಂತಿದೆ, ನಿಲ್ಲಲಿ. ಮೋನಪ್ಪ ಕೆಲಸಕ್ಕೆ ವಾಪಸ್ಸು ಬಂದಿದ್ದಾನೆ. ನನ್ನೊಡನೆ ಇನ್ನೂ ಮಾತಾಡುತ್ತಿಲ್ಲ.

ಬರುವ ಶನಿವಾರ ಬೆಳಿಗ್ಗೆ ಬಾ ಅಪ್ಪಾ. ಒಣ ತೊಗಲನ್ನೇ ತಾ, ಇಲ್ಲಿ ಯಾರೂ ನಗುವುದಿಲ್ಲ. ಗೇಟಿನಲ್ಲಿ ನಾನೇ ನಿಂತಿರುತ್ತೇನೆ.

ಇಂತಿ ನಿನ್ನ ಮಗ,
ಶಿವಪುತ್ರ

ತಾ.ಕ.: ಹೋದ ಸಲ ನೀನು ಒಗೆದ ರುಮಾಲು ಸುತ್ತಿಕೊಂಡು ವಾಷರ್ ಕೊಡಲು ಬಂದಾಗ ಗೇಟಿನ ಪುಸ್ತಕದಲ್ಲಿ ನಿನ್ನ ಹೆಸರು ಬರೆದವನು ನಾನು. ಏನು ಬರೆದೆ ಎಂದು ನೀನು ಕೇಳಿದೆ. ‘ಗದಿಗೆಪ್ಪ, ಶಿವಪುತ್ರನ ತಂದೆ’ ಎಂದು ನಾನು ಓದಿ ಹೇಳಿದೆ. ನೀನು ಹಿಗ್ಗಿನಿಂದ ಹೆಬ್ಬೆಟ್ಟು ಒತ್ತಿದೆ. ನಿಜವಾಗಿ ಅಲ್ಲಿರುವುದು ‘ಗದಿಗೆಪ್ಪ, ತೊಗಲಿನ ವ್ಯಾಪಾರಿ, ಸಂಬಂಧ ಇಲ್ಲ’ ಎಂದು. ಆ ಸಾಲು ಹೊಡೆದುಹಾಕಲು ಕಾವಲುಗಾರ ಬಿಡುತ್ತಿಲ್ಲ. ಶನಿವಾರ ಮಾಸ್ತರರನ್ನೂ ಕರೆದುಕೊಂಡು ಬಾ. ಹೊಸ ಸಾಲನ್ನು ಅವರು ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತು.