ಈ ಕಂಪ್ಯೂಟರಿಗೆ ಮಾತ್ರ ಅಪ್ಪಣೆ

ಸಿಂಧನೂರು
ಅಕ್ಟೋಬರ್ 1999

ಶಾಕೀರಾ,

ಕ್ಷೇಮವೆಂದು ಬರೆಯಲು ಕೈ ಬರುತ್ತಿಲ್ಲ. ಕೂಲಿ ಹೆಂಗಸರ ಗುಂಪು ಕಟ್ಟುತ್ತಿದ್ದ ಮುದುಕಮ್ಮ ತೀರಿಕೊಂಡಳು. ಗೊರೇಬಾಳದ ಗದ್ದೆಗೆ ಕೀಟನಾಶಕ ಹೊಡೆದ ಮರುದಿನವೇ ಅವಳ ಗುಂಪನ್ನು ಕಳೆ ಕೀಳಲು ಇಳಿಸಿದ್ದರು. ಕಣ್ಣು ಮಂಜೆಂದು ಬದುವಿಗೆ ಬಂದು ಕೂತವಳು ಮತ್ತೆ ಏಳಲಿಲ್ಲ.

ಆ ಹೆಂಗಸರ ಸುಲಿದ ಅಂಗೈಗಳ ಫೋಟೋ, ಅವರ ಮಾತು, ಹೆಸರು ಎಲ್ಲವನ್ನೂ ನಾವಿಬ್ಬರು ಒಬ್ಬೊಬ್ಬರಿಗೆ ಒಂದು ಪುಟದಂತೆ ವೆಬ್‌ಗೆ ಹಾಕಿದ್ದೆವಲ್ಲ. ಪರದೆಯಲ್ಲಿ ಕನ್ನಡ ಮೂಡದೆಂದು ನನ್ನ ಕೈಬರಹವನ್ನೇ ನೀನು ಸ್ಕ್ಯಾನ್ ಮಾಡಿದ್ದೆ. ಅಕ್ಕಿ ಗಿರಣಿಯ ಬಸವಂತರಾಯರು ದರ ತಿಳಿಯಲು ಹಾಕಿಸಿದ್ದ ಕಡಿಯದ ಇಂಟರ್‌ನೆಟ್ ಲೈನು, ನಾವು ಕೆಲಸಕ್ಕಿದ್ದ ಅವರ ಕಂಪ್ಯೂಟರ್ ಸೆಂಟರಿನ ಮೂಲೆಯಲ್ಲಿ ಪುಟಗಳನ್ನು ಹೊರಗೆ ಕೊಡುವ ಸರ್ವರು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಕ್ರಾಂತಿಯ ಕರಪತ್ರಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ, ಅರಮನೆಯ ಬಾಗಿಲೇ ಮುರಿದಂತೆ ಅನಿಸಿತ್ತು.

ಹೆಸರಿನ ವಿಷಯಕ್ಕೆ ನೀನು ಜಗಳವಾಡಿದೆ. "ಅವರನ್ನ ಕೇಳಿಯೇನು? ಒಬ್ಬಾಕಿ ಹೆಸರು ಬಿದ್ರ ಇಡೀ ಗುಂಪಿಗೆ ಕೆಲಸಕ್ಕ ಕರಿ ಬರೂದಿಲ್ಲ. ನಿನ್ನ ಕ್ರಾಂತಿಗೆ ಅವರ ಕೂಲಿ ಹೋಗತೈತಿ, ಯಂಕೋಬ." ನಾನು, "ಹೆದರಿಕಿದ್ರ ಲಿಂಗಸೂಗೂರಿಗೆ ಹೋಗಿ ಮನ್ಯಾಗ ಕುಂದ್ರು" ಅಂದೆ. ನೀನು ಹೋಗಿಯೇ ಬಿಟ್ಟೆ.

ಆಮೇಲೆ ಮುದುಕಮ್ಮ ಸಂತೆಗೆ ಬಂದಾಗಲೆಲ್ಲ ಸೆಂಟರಿಗೆ ಬರುತ್ತಿದ್ದಳು. "ಯಾರರ ನೋಡಿದ್ರೇನೋ ಯಪ್ಪಾ?" "ಲೋಕಾನ ನೋಡಾಕತ್ತೈತಿ ಬೇ." ಪುಟ ತೆರೆದು ತೋರಿಸುತ್ತಿದ್ದೆ. "ನನ ಮಾರಿ ಇಷ್ಟು ಕರ್ರಗೈತೇನು?" ಎಂದು ನಗುತ್ತಿದ್ದಳು. ಊರಿನಲ್ಲಿ ಬೇರೆಲ್ಲೂ ಇಂಟರ್‌ನೆಟ್ ಇರಲಿಲ್ಲ. ತೆರೆದದ್ದೆಲ್ಲ ಸರ್ವರಿದ್ದ ಅದೇ ಕಂಪ್ಯೂಟರಿನಲ್ಲಿ.

ಅವಳ ಮಣ್ಣು ಮುಗಿಸಿ ಬಂದು ರಾಯಚೂರಿನ ಪತ್ರಕರ್ತರೊಬ್ಬರಿಗೆ ಫೋನು ಮಾಡಿದೆ. ಅವರು ನೋಡಿ, "ಪುಟ ತೆರೆಯುವುದಿಲ್ಲ, ಅಪ್ಪಣೆ ಇಲ್ಲ ಅಂತ ಬರ್ತದ" ಎಂದರು.

ಪುಟದಲ್ಲಿ ಏನೇ ಇರಲಿ, ಯಾರಿಗೆ ತೋರಿಸಬೇಕು ಎಂಬುದು ಕಾನ್ಫಿಗರೇಶನ್ ಫೈಲಿನಲ್ಲಿರುತ್ತದೆ, ಸರ್ವರು ಅದರ ಮಾತು ಮೀರುವುದಿಲ್ಲ ಎಂದು ನೀನು ಕಲಿಸಿದ್ದೆ. ಅಂಥ ಗುಮಾಸ್ತೆ ಕೆಲಸ ನಿನ್ನದೆಂದು ನಾನು ಆ ಫೈಲನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆದೆ. ಅದರಲ್ಲಿ ಎರಡು ಸಾಲು: ಎಲ್ಲರನ್ನೂ ತಡೆ. ಈ ಕಂಪ್ಯೂಟರನ್ನು ಮಾತ್ರ ಬಿಡು. ಮೇಲೆ, ಮನುಷ್ಯರಿಗೆಂದೇ ಬರೆಯುವ, ಸರ್ವರು ಓದದ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ನಿನ್ನ ಕನ್ನಡ: ಅವರನ್ನು ಕೇಳುವ ತನಕ.

ನಿನ್ನನ್ನು ಶಪಿಸಿದೆ. ಲೋಕವೆಂದು ನಾನು ಅವಳಿಗೆ ತೋರಿಸಿದ್ದು ಒಂದು ಕೋಣೆಯನ್ನು. ನೀನು ಹೇಳಿದ್ದರೆ ಅಂದೇ ಆ ಸಾಲು ಅಳಿಸುತ್ತಿದ್ದೆ. ಅದಕ್ಕೇ ನೀನು ಹೇಳಲಿಲ್ಲ. ಅಳಿಸಿದ್ದರೆ ಅವಳು ಉಳಿಯುತ್ತಿದ್ದಳೇ? ಆ ರಾತ್ರಿ ಕರಪತ್ರಗಳನ್ನೆಲ್ಲ ಮತ್ತೆ ತಿರುವಿದೆ.

ನಿನ್ನೆ ಗೊರೇಬಾಳಕ್ಕೆ ಹೋಗಿ ಆ ಹೆಂಗಸರನ್ನು ಕೊನೆಗೂ ಕೇಳಿದೆ. ಅದೇ ಗದ್ದೆಯಲ್ಲಿ, ಅದೇ ನೀರಿನಲ್ಲಿ ಬಗ್ಗಿದ್ದರು. ಈಗ ಗುಂಪು ಕಟ್ಟುವ ಹೊನ್ನೂರಮ್ಮ ತಲೆ ಎತ್ತದೆ ಹೇಳಿದಳು: "ಸತ್ತಾಕಿನ್ನ ಯಾರು ಕೆಲಸ ಬಿಡಸ್ತಾರ? ಆಕಿದು ಹಾಕು. ನಮ್ಮವು ಮುಚ್ಚಿಡು, ಯಪ್ಪಾ."

ನಿನ್ನ ಸಾಲುಗಳನ್ನು ಹಾಗೇ ಬಿಟ್ಟಿದ್ದೇನೆ. ಕೆಳಗೆ, ಮುದುಕಮ್ಮನ ಪುಟವೊಂದಕ್ಕೆ ಮಾತ್ರ ಎಲ್ಲರಿಗೂ ಅಪ್ಪಣೆ ಬರೆದೆ. ರಾಯಚೂರಿನವರು "ಈಗ ತೆರೀತು" ಎಂದರು. ನಾನು ಫೋನು ಇಟ್ಟುಬಿಟ್ಟೆ.

ನೀನಾದರೂ ನೆಮ್ಮದಿಯಿಂದಿರು, ಶಾಕೀರಾ. ಬರುತ್ತೇನೆ.

ಯಂಕೋಬ