ಸಹಿ ಹಾಕದ ದೂರು

ವಿದ್ಯಾರಣ್ಯಪುರಂ, ಮೈಸೂರು
೧೪-೮-೧೯೯೮

ಮಾನ್ಯ ಹೆಡ್‌ಮಾಸ್ಟರಿಗೆ,

ಸಿದ್ದಲಿಂಗಮ್ಮ ಮಿಸ್ ಮೇಲೆ ನೀವು ಬರೆಸಿ ಕಳಿಸಿದ ದೂರಿಗೆ ನಾನು ಸಹಿ ಹಾಕುವುದಿಲ್ಲ. ನಿಮ್ಮ ಅನುಮತಿಯಿಲ್ಲದೆ ಅವರು ನಮ್ಮ ಮನೆಗೆ ಬಂದದ್ದು ನಿಜ. ಮಗಳು ಶಾಲೆಗೆ ಹೋಗಲೊಲ್ಲದೆ ಒಂಬತ್ತು ದಿನವಾಗಿತ್ತು. ನಾನು ಬಿ.ಎಸ್ಸಿ. ಓದಿದವಳು, ನಿದ್ದೆಗೆಟ್ಟು ಕೇಳಿದರೂ ಅವಳು ಬಾಯಿಬಿಡಲಿಲ್ಲ. ಮಿಸ್ ಪಕ್ಕದಲ್ಲಿ ಕೂತು, "ಅಳು ಬಂದ್ರೆ ಅತ್ಬುಡು ಕಣಮ್ಮ, ಆಮೇಲೆ ಹೇಳು," ಅಂದರು. ಹೇಳಿದಳು. ಮುಟ್ಟಿನ ದಿನ ಆಟಕ್ಕಿಳಿಯದ ಹುಡುಗಿಯರನ್ನು ಪಿ.ಟಿ. ಮಾಸ್ತರರು ಎಲ್ಲರೆದುರು ನಿಲ್ಲಿಸಿ ಕಾರಣ ಹೇಳಿಸುತ್ತಾರಂತೆ.

ಹುಡುಗಿಯರ ಕಷ್ಟಸುಖ ವಿಚಾರಿಸುವ ಕೆಲಸದಿಂದ ಮಿಸ್ಸನ್ನು ತೆಗೆಯಬೇಡಿ. ಸೋಮವಾರ ಮಗಳ ಜೊತೆ ನಾನೂ ಬಂದು ಮೈದಾನದಲ್ಲಿ ನಿಲ್ಲುತ್ತೇನೆ. ಯಾಕೆ ಬಂದಿರಿ ಎಂದು ಮಾಸ್ತರರು ಕೇಳಲಿ. ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ.

ಅನು,
ಒಂಬತ್ತನೇ ಕ್ಲಾಸಿನ ಬಿಂದುಶ್ರೀಯ ತಾಯಿ