ಮನೆತನದ ವೀಳ್ಯಕ್ಕೆ ಇಳಿದ ಶಿಕ್ಷೆ

ಮೇಲ್ಮನವಿಯ ಕಡತದ ಮೇಲೆ ಕುಳಿತಿರುವ ಮಾನ್ಯ ಸರ್ಕಾರಿ ಅಭಿಯೋಜನಾ (ಪ್ರಾಸಿಕ್ಯೂಷನ್) ಅಧಿಕಾರಿಗಳೇ,

ನಮ್ಮ ಕಡೆಯ ಎಸ್ಟೇಟ್ ಸಾಹುಕಾರರೊಬ್ಬರು ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವ ಹೈಡ್ರೋ ಗಾಂಜಾವನ್ನು ಹೊರದೇಶದಿಂದ ಪಾರ್ಸೆಲ್ಲಿನಲ್ಲಿ ತರಿಸಿ ಮಾರಿದ್ದು ನಿಜವೆಂದು ಕೋರ್ಟು ಹೇಳಿತು. ಹತ್ತು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧ. ಆದರೆ ವಿಚಾರಣೆಯ ಕಾಲದಲ್ಲಿ ಒಳಗಿದ್ದ ಕೆಲವು ತಿಂಗಳೇ ಸಾಕೆಂದು ಬಿಟ್ಟುಬಿಟ್ಟಿತು. ಶಿಕ್ಷೆ ಕಡಿಮೆಯಾಯಿತೆಂದು ಮೇಲ್ಮನವಿ ಹಾಕಿಸುವ ಕೆಲಸ ನಿಮ್ಮದು. ಗಡುವು ಮುಗಿಯುತ್ತ ಬಂತು, ನೀವಿನ್ನೂ ‘ಪರಿಶೀಲಿಸುತ್ತಿದ್ದೀರಿ’. ಏಲಕ್ಕಿ ಬೆಳೆದವರು ಹೀಗೆ ಪರಿಶೀಲಿಸುತ್ತ ಕೂತರೆ ಕಾಯಿ ಗಿಡದಲ್ಲೇ ಒಡೆದುಹೋಗುತ್ತದೆ.

ನಾನು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ತೀರ್ಪನ್ನು ಓದಿಸಿ ಕೇಳಿದೆ. ‘ಅಪರಾಧಿಗೆ ಊರಿನಲ್ಲಿ ಗೌರವವಿದೆ, ದೇವಸ್ಥಾನದ ಮೊದಲ ವೀಳ್ಯ ಅವರಿಗೇ ಸಲ್ಲುತ್ತದೆ’ ಎಂದು ಅದರಲ್ಲಿದೆ. ಹಾಗೆ ಸಾಕ್ಷಿ ನುಡಿದವರು ದೇವಸ್ಥಾನ ಸಮಿತಿಯ ಸಿದ್ದಣ್ಣ. ಅವರನ್ನು ದೇವಸ್ಥಾನದ ಜಗಲಿಯಲ್ಲೇ ಹಿಡಿದು ಕೇಳಿದೆ.

“ಅಲ್ಲ ಸಿದ್ದಣ್ಣ, ಅವ್ರು ಭಾರಿ ಒಳ್ಳೇವ್ರು ಅಂತ ಹೇಳಿದ್ರಂತೆ?”

“ನಾನೆಲ್ಲಿ ಹಂಗಂದೆ ಮಾದೇವಕ್ಕ? ಮೊದಲ ವೀಳ್ಯ ಕೊಡ್ತೀರಾ ಅಂತ ಸಾಹುಕಾರ್ರ ಲಾಯರ್ ಕೇಳಿದ್ರು. ಕೊಡ್ತೀವಿ ಅಂದೆ. ವೀಳ್ಯ ಮನೆಗೆ ಕಣಕ್ಕ, ಮನುಷ್ಯಂಗಲ್ಲ. ನಾಳೆ ಆ ಮನೇಲಿ ಕತ್ತೆ ಯಜಮಾನ ಆದ್ರೂ ಕೊಡ್ಲೇಬೇಕು.”

“ಅದನ್ನೂ ಹೇಳ್ಬೇಕಿತ್ತು.”

“ಯಾರೂ ಕೇಳ್ಲಿಲ್ಲವಲ್ಲ.”

ಸಾಹುಕಾರರ ಮುತ್ತಾತ ದೇವರಿಗೆ ಜಾಗ ಬಿಟ್ಟುಕೊಟ್ಟಿದ್ದರು. ಆ ಪುಣ್ಯಕ್ಕೆ ಸಲ್ಲುವ ವೀಳ್ಯ ಮರಿಮಗನ ನಡತೆಗೆ ಪ್ರಮಾಣವಾಯಿತು. ಎಸ್ಟೇಟಿನ ಲೈನ್‌ಮನೆಯ ಕೂಲಿಯವನು ಇದೇ ಪಾರ್ಸೆಲ್ ತರಿಸಿದ್ದರೆ ಯಾವ ಮರ್ಯಾದೆ ತೋರಿಸಿ ಹೊರಗೆ ಬರುತ್ತಿದ್ದ? ನಿಮ್ಮ ಸರ್ಕಾರಿ ವಕೀಲರು ಆ ದಿನ ಎದ್ದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅವರ ಕಾಲು ನೋಯುತ್ತಿತ್ತೇ?

ಇನ್ನೊಬ್ಬ ಸಾಕ್ಷಿ ನನ್ನ ಮಗಳು ಶಾಂಭವಿ. ಅವಳ ಒಪ್ಪಿಗೆ ಪಡೆದೇ ಹೆಸರು ಬರೆಯುತ್ತಿದ್ದೇನೆ. ನರ್ಸಿಂಗ್ ಓದುತ್ತ ಆ ಚಟಕ್ಕೆ ಬಿದ್ದಳು, ಒದ್ದಾಡಿ ಎದ್ದಳು. “ಇವರ ಕೈಯಿಂದಲೇ ಕೊಂಡೆ, ಸೇದಿದೆ” ಎಂದು ತುಂಬಿದ ಕೋರ್ಟಿನಲ್ಲಿ ಹೇಳಿದಳು. ಸಾಹುಕಾರರು ಬಿಡುಗಡೆಯಾದ ವಾರವೇ ಬಸ್ ಸ್ಟ್ಯಾಂಡಿನಲ್ಲಿ ಅವಳ ಪಕ್ಕ ಜೀಪು ನಿಲ್ಲಿಸಿ, “ಏನಮ್ಮ ಸಾಕ್ಷಿ, ಡ್ರಾಪ್ ಬೇಕಾ?” ಎಂದರು. ಅಂದಿನಿಂದ ಅವಳು ಟ್ರೈನಿಂಗಿಗೆ ಹೋಗಿಲ್ಲ. “ಸುಮ್ನಿದ್ದಿದ್ರೆ ನಾನೂ ಮರ್ಯಾದಸ್ಥೆ ಆಗಿರ್ತಿದ್ದೆ ಅಲ್ವಾಮ್ಮ?” ಎನ್ನುತ್ತಾಳೆ. ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ. ಉತ್ತರ ನಿಮ್ಮ ಹತ್ತಿರ ಇದೆಯೇ?

ಶಿವ ನೋಡಿಕೊಳ್ಳುತ್ತಾನೆ, ನೀನು ಸುಮ್ಮನಿರು ಎನ್ನುವವರಿದ್ದಾರೆ. ಲಿಂಗಪೂಜೆ ಮಾಡದೆ ನಾನು ನೀರೂ ಮುಟ್ಟುವವಳಲ್ಲ. ಆದರೂ ಹೇಳುತ್ತೇನೆ, ಶಿವನಿಗೆ ಅವನದೇ ಕೆಲಸ ಬೇಕಾದಷ್ಟಿದೆ. ಈ ಕೆಲಸಕ್ಕೆ ಸಂಬಳ ಪಡೆಯುತ್ತಿರುವವರು ನೀವು.

ಗಡುವಿನೊಳಗೆ ಮೇಲ್ಮನವಿ ಹಾಕಿಸಿ. ಹಾಕಿಸುವುದಿಲ್ಲ ಎಂದಾದರೆ ಆ ಮಾತನ್ನು ನೀವೇ ಬಂದು ಶಾಂಭವಿಯ ಎದುರು ಕೂತು ಹೇಳಿ. ವಿಳಾಸ ಸಿಗಲಿಲ್ಲ ಎನ್ನಬೇಡಿ. ಸಾಕ್ಷಿ ಹೇಳಲು ಕರೆಯುವಾಗ ನಮ್ಮ ಮನೆಯ ದಾರಿ ನಿಮ್ಮವರಿಗೆ ಚೆನ್ನಾಗಿ ಗೊತ್ತಿತ್ತು.

ಇಂತಿ,
‘ಇದ್ದದ್ದು ಇದ್ದ ಹಾಗೆ ಹೇಳು’ ಎಂದು ಮಗಳನ್ನು ಕಟಕಟೆ ಹತ್ತಿಸಿದ ತಾಯಿ
ಮಹಾದೇವಮ್ಮ
ಸೋಮವಾರಪೇಟೆ ತಾಲ್ಲೂಕು